ಆಟಿಕೆ ವಿಮಾನಕ್ಕೆ ಡೆಕಾಲ್: ಸ್ಕ್ರೀನ್, ಲೇಸರ್, ಇಂಕ್‌ಜೆಟ್ ಮೂರನ್ನೂ ಅಂಟಿಸಿ ನೋಡಿದೆ

ಡೈಕಾಸ್ಟ್, ಅಂದರೆ ಲೋಹದ ಎರಕದ ಆಟಿಕೆ ವಿಮಾನಕ್ಕೆ ಡೆಕಾಲ್‌ನಿಂದ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹೊಸ ಗುರುತು ಹಾಕಬೇಕು ಅಂತ ಹೊರಟವರು ಮೊದಲು ಕೇಳುವುದು ‘ಯಾವ ಸಾಫ್ಟನರ್ ತಗೊಳ್ಳಲಿ’ ಅಂತ, ಅಂದರೆ ಡೆಕಾಲನ್ನು ಮೆತ್ತಗೆ ಮಾಡಿ ಕೂರಿಸುವ ದ್ರವ ಯಾವುದು ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಡೆಕಾಲ್ ಹೇಗೆ ಪ್ರಿಂಟ್ ಆಗಿದೆ ಅನ್ನುವುದು ಮೊದಲನೆಯದು. ವಿಮಾನದ ಮೈ ನುಣುಪಾಗಿದೆಯೋ ತರಿತರಿಯಾಗಿದೆಯೋ ಅನ್ನುವುದು ಎರಡನೆಯದು. ಇವೆರಡು ಗೊತ್ತಿದ್ದರೆ ಯಾವ ಬಾಟಲಿಯ ಮುಚ್ಚಳ ತೆಗೆಯಬೇಕು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೋಲಿಕೆಗೆ ಎರಡು ವಿಮಾನ ಇಟ್ಟುಕೊಂಡೆ. ಒಂದು 1:400 ಅಳತೆಯ (ನಿಜವಾದದ್ದರ ನಾನೂರರಲ್ಲಿ ಒಂದು ಪಾಲು) ಪ್ರಯಾಣಿಕ ವಿಮಾನ, ಫಳಫಳ ಹೊಳೆಯುವ ಬಿಳಿ ಮೈ. ಇನ್ನೊಂದು 1:72 ಅಳತೆಯ ಫೈಟರ್, ಹೊಳಪೇ ಇಲ್ಲದ ಬೂದು ಬಣ್ಣ. ಎರಡರಲ್ಲೂ ಅಲ್ಲಲ್ಲಿ ಬಣ್ಣ ಚಕ್ಕೆ ಎದ್ದಿತ್ತು, ಅದಕ್ಕೇ ಆರಿಸಿಕೊಂಡೆ. ಪೆಟ್ಟಿಗೆ ಸಮೇತ ಹೊಸದಾಗಿರುವ ಪೀಸಿಗೆ ಕೈ ಹಾಕಬೇಡಿ, ಒಮ್ಮೆ ಬದಲಾಯಿಸಿದರೆ ಸಂಗ್ರಹ ಮಾಡುವವರ ಲೆಕ್ಕದಲ್ಲಿ ಅದು ಮೂಲ ಪೀಸ್ ಅಲ್ಲ. ಸ್ಕ್ರೀನ್ ಪ್ರಿಂಟ್ ಆದ ರೆಡಿಮೇಡ್ ಹಾಳೆ ತಂದೆ. ಅದರಲ್ಲಿದ್ದಂಥದೇ ಅಕ್ಷರ, ಉದ್ದ ಪಟ್ಟಿ, ಬಾಲದ ಚಿಹ್ನೆಯನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡು, ಒಂದು ಸಲ ಲೇಸರ್‌ನಲ್ಲಿ, ಒಂದು ಸಲ ಇಂಕ್‌ಜೆಟ್‌ನಲ್ಲಿ ತೆಗೆದೆ.

ಮೂರರ ಕಟ್ಟಣೆಯೂ ಒಂದೇ. ಕೆಳಗೆ ಕಾಗದ, ಅದರ ಮೇಲೆ ನೀರಿಗೆ ಕರಗುವ ಅಂಟು, ಅದರ ಮೇಲೆ ತೆಳು ಪಾರದರ್ಶಕ ಪೊರೆ, ಆ ಪೊರೆಯ ಮೇಲೆ ಬಣ್ಣ. ನೀರು ಕುಡಿದ ಅಂಟು ಸಡಿಲವಾದಾಗ ಪೊರೆ ಕಾಗದದಿಂದ ಜಾರಿ ವಿಮಾನದ ಮೇಲೆ ಬರುತ್ತದೆ. ವ್ಯತ್ಯಾಸ ಇರುವುದು ಪೊರೆ ಎಷ್ಟು ದಪ್ಪ, ಬಣ್ಣ ಎಷ್ಟು ಗಟ್ಟಿ, ನೀರು ತಾಗಿದರೆ ಆ ಬಣ್ಣ ಏನು ಮಾಡುತ್ತದೆ ಅನ್ನುವುದರಲ್ಲಿ.

ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ, ಗಟ್ಟಿ ಇಂಕಿನಲ್ಲಿ ಹಾಕುತ್ತಾರೆ. ಕೆಂಪಿನ ಕೆಳಗೆ ಬಿಳಿ ಬೇಕಿದ್ದರೆ ನಿಜವಾದ ಬಿಳಿಯೇ ಇರುತ್ತದೆ. ಹಾಗಾಗಿ ಬೂದು ಫೈಟರ್ ಮೇಲೂ ಕೆಂಪು ಕೆಂಪಾಗಿಯೇ ಉಳಿಯಿತು, ಬಿಳಿ ಅಕ್ಷರ ಬೆಳ್ಳಗೇ ಕಂಡಿತು. ಡೆಕಾಲ್ ಪ್ರಿಂಟ್ ಮಾಡುವ ಇಟಲಿಯ ಕಾರ್ಟೋಗ್ರಾಫ್ ಕಂಪನಿಯ ಹೆಸರು ಮಾಡೆಲ್ ಮಾಡುವವರ ಬಾಯಲ್ಲಿ ಓಡಾಡುವುದು ಸುಮ್ನೆ ಅಲ್ಲ, ಒಳ್ಳೆಯ ಸ್ಕ್ರೀನ್ ಡೆಕಾಲ್‌ನಲ್ಲಿ ಪೊರೆ ಬಣ್ಣದ ಅಂಚಿಗೆ ಹತ್ತಿ ನಿಂತಿರುತ್ತದೆ, ಸುತ್ತ ಕತ್ತರಿಸುವ ಕೆಲಸವೇ ಕಡಿಮೆ. ಹಾಗಂತ ಎಲ್ಲ ಸ್ಕ್ರೀನ್ ಹಾಳೆಯೂ ಅಂಥದ್ದಲ್ಲ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುವ ಹಾಳೆಯೂ ನನ್ನ ಕೈಗೆ ಬಂದಿದೆ. 1:400ರಲ್ಲಿ ಕೂದಲೆಳೆ ಅಂದರೆ ಅರ್ಧ ಅಕ್ಷರ ಅಲ್ವಾ! ಇದರ ದೊಡ್ಡ ತೊಂದರೆ ಬೇರೆ. ಯಾರೋ ಪ್ರಿಂಟ್ ಮಾಡಿದ್ದಷ್ಟೇ ಸಿಗುತ್ತದೆ. ನಿಮ್ಮದೇ ಕಲ್ಪನೆಯ ವಿಮಾನ ಕಂಪನಿ, ನಿಮ್ಮದೇ ಚಿಹ್ನೆ ಬೇಕಿದ್ದರೆ ಒಂದೇ ಒಂದು ವಿಮಾನಕ್ಕೋಸ್ಕರ ಸ್ಕ್ರೀನ್ ಮಾಡಿಸುವುದು ಅತಿಯಾಯಿತು.

ಆಗ ಬರುವುದು ಲೇಸರ್. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಹಾಳೆಗೆ ಅಂಟಿಕೊಳ್ಳುತ್ತದೆ. ನೀರಿಗೆ ಜಗ್ಗುವುದಿಲ್ಲ. ಪ್ರಿಂಟ್ ಮಾಡಿ, ಕತ್ತರಿಸಿ, ನೇರ ನೀರಿಗೆ ಹಾಕಬಹುದು. ಬಿಳಿ ಪ್ರಯಾಣಿಕ ವಿಮಾನದ ಮೇಲೆ ನೋಂದಣಿ ಅಕ್ಷರ ಎಷ್ಟು ಚೂಪಾಗಿ ಬಂತು ಅಂದರೆ ಪಕ್ಕದಲ್ಲಿದ್ದ ಸ್ಕ್ರೀನ್ ಡೆಕಾಲ್‌ಗೂ ಇದಕ್ಕೂ ಒಂದು ಅಡಿ ದೂರದಿಂದ ನೋಡಿದರೆ ವ್ಯತ್ಯಾಸ ಹೇಳಲಾಗುವುದಿಲ್ಲ. ಅದೇ ಹಾಳೆಯನ್ನು ಬೂದು ಫೈಟರ್ ಮೇಲೆ ಹಾಕಿದಾಗ ಕೆಂಪು ಕಂದಿತು, ಹಳದಿ ಹೆಚ್ಚುಕಡಿಮೆ ಮಾಯ. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಬಣ್ಣ ಇರುವುದಿಲ್ಲ, ಹಾಳೆ ಬಿಳಿ ಇರುವುದರಿಂದಲೇ ಬಣ್ಣ ಬೆಳಗುತ್ತದೆ. ಪಾರದರ್ಶಕ ಪೊರೆಯ ಕೆಳಗೆ ಬೂದು ಬಂದರೆ ಆ ಬೆಳಕು ಹೋಯಿತು.

ಲೇಸರ್‌ನ ಇನ್ನೊಂದು ಗುಣ: ಟೋನರ್ ಪದರ ಸ್ವಲ್ಪ ಬಿರುಸು. ತೆಳು ಅಕ್ಷರಕ್ಕೆ ಏನೂ ಆಗುವುದಿಲ್ಲ. ದೊಡ್ಡ ಕಪ್ಪು ತೇಪೆಯನ್ನು ಮೂಗಿನ ದುಂಡಗಿನ ಭಾಗಕ್ಕೆ ಬಗ್ಗಿಸಿದಾಗ ಸಣ್ಣ ಬಿರುಕು ಬಿಡುತ್ತದೆ. ಮತ್ತೆ ಒಂದು ಎಚ್ಚರ. ಲೇಸರ್ ಪ್ರಿಂಟರಿಗೆ ಇಂಕ್‌ಜೆಟ್ ಡೆಕಾಲ್ ಹಾಳೆ ಯಾವತ್ತೂ ಹಾಕಬೇಡಿ. ಅದರ ಪೊರೆ ಒಳಗಿನ ಬಿಸಿ ರೋಲರಿಗೆ ಕರಗಿ ಅಂಟಿಕೊಂಡರೆ ಪ್ರಿಂಟರೇ ಹಾಳಾಗುತ್ತದೆ. ಎರಡು ಹಾಳೆಯೂ ನೋಡಲು ಒಂದೇ ಥರ ಇರುತ್ತವೆ, ಪ್ಯಾಕೆಟ್ ಮೇಲೆ ಬರೆದಿಟ್ಟುಕೊಳ್ಳಿ.

ಇಂಕ್‌ಜೆಟ್ ಬಗ್ಗೆ ನನಗೆ ಎರಡು ಮನಸ್ಸು. ಬಣ್ಣದ ಏರಿಳಿತ, ನೆರಳು, ಫೈಟರ್ ಮೂಗಿನ ಮೇಲೆ ಬಿಡಿಸುವಂಥ ಚಿತ್ರ, ಇವೆಲ್ಲ ಮೂರರಲ್ಲಿ ಚೆನ್ನಾಗಿ ಬಂದದ್ದು ಇದರಲ್ಲೇ. ಆದರೆ ಇಂಕು ನೀರಿಗೆ ಬಿಟ್ಟುಕೊಳ್ಳುತ್ತದೆ. ಪ್ರಿಂಟ್ ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ತೆಳುವಾಗಿ, ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು ಅನ್ನುವ ಹಾಗೆ ಹೊಡೆಯಬೇಕು. ಒಂದೇ ಸಲ ದಪ್ಪಗೆ ಹೊಡೆದರೆ ಸ್ಪ್ರೇಗೇ ಇಂಕು ಹರಡುತ್ತದೆ. ಅಷ್ಟು ಕೋಟ್ ಆಗುವಷ್ಟರಲ್ಲಿ ಡೆಕಾಲ್ ದಪ್ಪವಾಗಿರುತ್ತದೆ, 1:400ರ ಸಣ್ಣ ಬಾಲದ ಮೇಲೆ ಅಂಚು ಎದ್ದು ಕಾಣುತ್ತದೆ. ಸರಿ, ಅಂಚನ್ನು ಬಣ್ಣದ ತನಕ ಕತ್ತರಿಸೋಣ ಅಂದರೆ ಕತ್ತರಿಸಿದ ಕಡೆಯಿಂದ ನೀರು ಒಳಗೆ ಹೋಗಿ ಬಣ್ಣ ಬಿಡಬಹುದು. ಸುತ್ತ ಸ್ವಲ್ಪ ಖಾಲಿ ಪೊರೆ ಬಿಡಲೇಬೇಕು, ಬಿಟ್ಟರೆ ಅದು ಕಾಣುತ್ತದೆ. 1:72 ಫೈಟರ್ ಮೇಲೆ ಇದನ್ನು ಸಹಿಸಿಕೊಳ್ಳಬಹುದು. ಚಿಕ್ಕ ಪ್ರಯಾಣಿಕ ವಿಮಾನಕ್ಕೆ ನನ್ನ ಮಟ್ಟಿಗೆ ಇಂಕ್‌ಜೆಟ್ ಬೇಡ.

ಬಿಳಿಯ ಸಮಸ್ಯೆಗೆ ದಾರಿ ಇಲ್ಲವಾ ಅಂದರೆ ಇದೆ, ಆದರೆ ಯಾವುದೂ ಪುಕ್ಕಟೆ ಅಲ್ಲ. ಬಿಳಿ ಪೊರೆಯ ಡೆಕಾಲ್ ಹಾಳೆಯಲ್ಲಿ ಪ್ರಿಂಟ್ ಮಾಡಿ ಬಣ್ಣದ ಗೆರೆಗೆ ಸರಿಯಾಗಿ ಕತ್ತರಿಸುವುದು ಒಂದು. ಲೇಸರ್ ಆದರೆ ಇದು ನಡೆಯುತ್ತದೆ, ಕತ್ತರಿಸಿದ ಕಡೆ ಇಣುಕುವ ಬಿಳಿ ಅಂಚಿಗೆ ಅದೇ ಬಣ್ಣದ ಮಾರ್ಕರ್ ಸವರಿದರೆ ಸಾಕು. ಬಾಲದ ದೊಡ್ಡ ಚಿಹ್ನೆಗೆ ಇದು ಸೊಗಸು, ಸಣ್ಣ ಅಕ್ಷರಗಳಿಗೆ ಅಸಾಧ್ಯ. ಮೊದಲು ಅದೇ ಆಕಾರದ ಬಿಳಿ ಡೆಕಾಲ್ ಹಾಕಿ, ಒಣಗಿದ ಮೇಲೆ ಅದರ ಮೇಲೆ ಪಾರದರ್ಶಕ ಡೆಕಾಲ್ ಕೂರಿಸುವುದು ಇನ್ನೊಂದು. ಫಲಿತಾಂಶ ಚೆಂದ, ಎರಡನ್ನೂ ಗೆರೆಗೆ ಗೆರೆ ಕೂಡಿಸುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಹಿಂದೆ ಆಲ್ಪ್ಸ್ ಅನ್ನುವ ಕಂಪನಿಯ ಪ್ರಿಂಟರುಗಳು ಬಿಳಿ, ಲೋಹದ ಬಣ್ಣ ಎರಡನ್ನೂ ಪ್ರಿಂಟ್ ಮಾಡುತ್ತಿದ್ದವು. ಅವು ಈಗ ತಯಾರಾಗುತ್ತಿಲ್ಲ. ಬಿಳಿ ಟೋನರ್ ಇರುವ ಲೇಸರ್ ಪ್ರಿಂಟರುಗಳಿವೆ, ಡೆಕಾಲ್ ಪ್ರಿಂಟ್ ಮಾಡಿಕೊಡುವವರಲ್ಲಿ ಅಂಥದ್ದು ಇದೆಯಾ ಅಂತ ಕೇಳಿ. ಕಡು ಬಣ್ಣದ ಮೈ ಮೇಲೆ ಬಿಳಿ ಅಕ್ಷರ ಬೇಕಿದ್ದರೆ ಮನೆಯಲ್ಲಿ ಒದ್ದಾಡುವುದಕ್ಕಿಂತ ಇದು ಮೇಲು.

ಈಗ ಮೈಯ ವಿಚಾರ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ ಕಣ್ಣಿಗೆ ಸಮತಟ್ಟಾಗಿ ಕಂಡರೂ ಅದು ಸಣ್ಣ ಸಣ್ಣ ಏರುತಗ್ಗು. ಡೆಕಾಲ್ ಆ ಏರುಗಳ ಮೇಲಷ್ಟೇ ಕೂರುತ್ತದೆ, ತಗ್ಗಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಳಕು ಬಿದ್ದಾಗ ಆ ಗಾಳಿ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಇದಕ್ಕೇ ಸಿಲ್ವರಿಂಗ್ ಅನ್ನುವುದು. ಫೈಟರಿನ ಎಡ ರೆಕ್ಕೆಯನ್ನು ಹಾಗೇ ಬಿಟ್ಟು, ಬಲ ರೆಕ್ಕೆಗೆ ಮಾತ್ರ ಹೊಳಪಿನ ಪಾರದರ್ಶಕ ಕೋಟ್ ಹೊಡೆದು, ಎರಡರ ಮೇಲೂ ಒಂದೇ ಸ್ಕ್ರೀನ್ ಹಾಳೆಯ ಡೆಕಾಲ್ ಹಾಕಿದೆ. ಎಡಗಡೆ ಸಾಫ್ಟನರ್ ಮೇಲೆ ಸಾಫ್ಟನರ್ ಹಚ್ಚಿದರೂ ಓರೆ ಬೆಳಕಿಗೆ ಹಿಡಿದಾಗ ಪೊರೆ ಕಂಡೇ ಕಂಡಿತು. ಸೂಜಿಯಿಂದ ಚುಚ್ಚಿ ಮತ್ತೆ ಹಚ್ಚಿದ ಮೇಲೆ ಸುಧಾರಿಸಿತು, ಹೋಗಲಿಲ್ಲ. ಬಲಗಡೆ ಮಾತ್ರ ಬಣ್ಣ ಬಳಿದ ಹಾಗೆ ಕೂತಿತು. ಆಮೇಲೆ ಎರಡಕ್ಕೂ ಮ್ಯಾಟ್ ಕೋಟ್ ಹೊಡೆದೆ, ಎಡ ರೆಕ್ಕೆಯ ಸಿಲ್ವರಿಂಗ್ ಅದರ ಕೆಳಗೂ ಉಳಿಯಿತು. ಹೊಳೆಯುವ ಬಿಳಿ ಪ್ರಯಾಣಿಕ ವಿಮಾನಕ್ಕೆ ಈ ಕೆಲಸವೇ ಇಲ್ಲ, ಕೈ ಜಿಡ್ಡು ಒರೆಸಿದರೆ ಸಾಕು.

ಡೈಕಾಸ್ಟ್‌ಗೆ ಮಾತ್ರ ಇರುವ ಒಂದು ತಲೆನೋವು ಹಳೆಯ ಗುರುತು ತೆಗೆಯುವುದು. ಅದು ಟ್ಯಾಂಪೋ ಪ್ರಿಂಟ್, ಸಿಲಿಕೋನ್ ಪ್ಯಾಡ್‌ನಿಂದ ಒತ್ತಿದ ಇಂಕು. ಕೆಲವು ವಿಮಾನದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್‌ನಿಂದ ಉಜ್ಜಿದರೆ ಬರುತ್ತದೆ, ಕೆಲವದರಲ್ಲಿ ಕೆಳಗಿನ ಬಣ್ಣವೂ ಜೊತೆಗೆ ಬರುತ್ತದೆ. ರೆಕ್ಕೆಯ ಕೆಳಗೆ ಕಾಣದ ಕಡೆ ಪರೀಕ್ಷೆ ಮಾಡಿ. ಅಸಿಟೋನ್ ಹತ್ತಿರ ತರಬೇಡಿ, ಅದು ನೇರ ಲೋಹದ ತನಕ ಹೋಗುತ್ತದೆ. ತೆಗೆಯುವ ರಗಳೆ ಬೇಡ, ಮೇಲೆಯೇ ಡೆಕಾಲ್ ಮುಚ್ಚಿಬಿಡೋಣ ಅಂತ ಅನಿಸುತ್ತದೆ. ಟ್ಯಾಂಪೋಗೂ ದಪ್ಪ ಇರುತ್ತದೆ, ಪೊರೆ ಮೆತ್ತಗಾಗಿ ಕೂತ ಮೇಲೆ ಹಳೆಯ ಅಕ್ಷರ ಉಬ್ಬಾಗಿ ಮೇಲೆ ಬರುತ್ತದೆ. ಸಾಫ್ಟನರ್ ಎಷ್ಟು ಒಳ್ಳೆಯದೋ ಉಬ್ಬು ಅಷ್ಟು ಸ್ಪಷ್ಟ!

ಇನ್ನು ಬಾಟಲಿಗಳು. ಮೈಕ್ರೋ ಸೆಟ್ ಡೆಕಾಲ್‌ನ ಕೆಳಗೆ ಹಚ್ಚುವುದು, ವಿನೆಗರ್ ವಾಸನೆ. ಮೈಕ್ರೋ ಸಾಲ್ ಮೇಲೆ ಹಚ್ಚುವುದು, ಪೊರೆಯನ್ನು ಮೆತ್ತಗೆ ಮಾಡುತ್ತದೆ. ಮಿಸ್ಟರ್ ಮಾರ್ಕ್ ಸೆಟ್ಟರ್‌ನಲ್ಲಿ ಸ್ವಲ್ಪ ಅಂಟೂ ಇರುತ್ತದೆ, ಕಾಗದದ ಅಂಟು ತೊಳೆದುಹೋದ ಡೆಕಾಲ್‌ಗೆ ಅದು ವಾಸಿ. ಅದರ ಜೋಡಿ ಮಾರ್ಕ್ ಸಾಫ್ಟರ್. ತಮಿಯಾ ಮಾರ್ಕ್ ಫಿಟ್ ಮಾಮೂಲಿ ಮತ್ತು ಸ್ಟ್ರಾಂಗ್ ಅಂತ ಬರುತ್ತದೆ. ವಾಲ್ಥರ್ಸ್ ಸಾಲ್ವಾಸೆಟ್ ಖಾರದ, ಅಂದರೆ ಜೋರು ಸಾಫ್ಟನರ್‌ಗಳ ಸಾಲಿಗೆ ಸೇರಿದ್ದು. ಸ್ಕ್ರೀನ್ ಡೆಕಾಲ್ ದಪ್ಪ ಇದ್ದರೆ ಖಾರದ್ದೇ ಬೇಕಾಗುತ್ತದೆ. ಲೇಸರ್‌ಗೆ ಮೆದುವಾದದ್ದು ಸಾಕು, ಪೊರೆ ಮೆತ್ತಗಾಗುತ್ತದೆ, ಟೋನರ್ ಹಾಗೇ ಇರುತ್ತದೆ. ಇಂಕ್‌ಜೆಟ್‌ಗೆ ಖಾರದ ಸಾಫ್ಟನರ್ ಹಚ್ಚಿದರೆ ಅಷ್ಟು ಹೊತ್ತು ಕೂತು ಹೊಡೆದ ಅಕ್ರಿಲಿಕ್ ಕೋಟ್ ಕರಗಿ ಕೆಳಗಿನ ಇಂಕು ತೇಲಲು ಶುರುವಾಗುತ್ತದೆ. ಅದಕ್ಕೆ ನಾನು ಉಗುರುಬೆಚ್ಚಗಿನ ನೀರು, ಕೆಳಗೆ ತೆಳುವಾಗಿ ಸೆಟ್, ಅಷ್ಟರಲ್ಲೇ ನಿಲ್ಲಿಸುತ್ತೇನೆ.

ಸಾಫ್ಟನರ್ ಹಚ್ಚಿದ ಕೆಲವೇ ಕ್ಷಣದಲ್ಲಿ ಡೆಕಾಲ್ ನೀರಿನಲ್ಲಿ ನೆನೆದ ಬೆರಳ ತುದಿಯ ಹಾಗೆ ಸುಕ್ಕಾಗುತ್ತದೆ. ಎದೆ ಧಸಕ್ ಅನ್ನುತ್ತದೆ, ಕೈ ತಾನಾಗಿ ಹೋಗುತ್ತದೆ. ಮುಟ್ಟಬೇಡಿ. ಒಣಗುತ್ತಾ ತಾನೇ ಬಿಗಿಯಾಗುತ್ತದೆ, ಮುಟ್ಟಿದರೆ ಹರಿಯುತ್ತದೆ.

ಡೈಕಾಸ್ಟ್‌ನಲ್ಲಿ ಕೀಲುಗಳ ಸಂದು ಪ್ಲಾಸ್ಟಿಕ್ ಕಿಟ್‌ಗಿಂತ ಅಗಲ. ಮೈ ಮತ್ತು ರೆಕ್ಕೆ ಸೇರುವ ಕಡೆ ಯಾವ ಸಾಫ್ಟನರೂ ಡೆಕಾಲನ್ನು ಆ ಸಂದಿನೊಳಗೆ ಇಳಿಸುವುದಿಲ್ಲ, ಅದು ಸೇತುವೆ ಕಟ್ಟಿಕೊಂಡು ನಿಲ್ಲುತ್ತದೆ. ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಸಂದಿನ ಉದ್ದಕ್ಕೂ ಕುಯ್ದು, ಎರಡು ಅಂಚಿಗೂ ಸಾಫ್ಟನರ್ ಹಚ್ಚಿದರೆ ಒಳಗೆ ಮಡಚಿಕೊಳ್ಳುತ್ತದೆ. ಉದ್ದ ಪಟ್ಟಿಯನ್ನು ಮೂಗಿನಿಂದ ಬಾಲದ ತನಕ ಒಂದೇ ತುಂಡಾಗಿ ಹಾಕುವ ಆಸೆ ಬಿಡಿ, ಬಾಗಿಲಿನ ಗೆರೆಯ ಹತ್ತಿರ ತುಂಡು ಮಾಡಿಕೊಂಡರೆ ಜೋಡಣೆ ಯಾರಿಗೂ ಕಾಣುವುದಿಲ್ಲ. ಈ ಉದ್ದ ಪಟ್ಟಿಯ ವಿಚಾರದಲ್ಲಿ ಸ್ಕ್ರೀನ್ ಎಲ್ಲದಕ್ಕಿಂತ ಮುಂದೆ. ಅದು ಎಳೆದರೂ ಆಕಾರ ಬಿಡಲಿಲ್ಲ, ಲೇಸರ್ ಪಟ್ಟಿ ಸ್ವಲ್ಪ ಸುತ್ತಿಕೊಂಡಿತು, ಇಂಕ್‌ಜೆಟ್ ಪಟ್ಟಿ ದಪ್ಪದಿಂದಾಗಿ ಮೂಗಿನ ತಿರುವಿನಲ್ಲಿ ಎದ್ದು ನಿಂತಿತು.

ನೀರಿನಲ್ಲಿ ಬಿಟ್ಟು ಮರೆಯುವ ಅಭ್ಯಾಸ ಮೂರಕ್ಕೂ ಆಗಿಬರುವುದಿಲ್ಲ. ಹತ್ತು ಹದಿನೈದು ಸೆಕೆಂಡ್ ಅದ್ದಿ, ತೆಗೆದು, ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ತಾನಾಗಿ ತೇಲಿ ಬರಲಿ ಅಂತ ಕಾದರೆ ಅಂಟೆಲ್ಲ ನೀರಿನಲ್ಲೇ ಉಳಿಯುತ್ತದೆ.

ಡೆಕಾಲ್ ಬದಲು ಉಜ್ಜಿ ಅಂಟಿಸುವ ಡ್ರೈ ಟ್ರಾನ್ಸ್‌ಫರನ್ನೂ ಒಂದು ಕಡೆ ಹಾಕಿ ನೋಡಿದೆ. ಪೊರೆಯೇ ಕಾಣುವುದಿಲ್ಲ, ಮ್ಯಾಟ್ ಮೇಲೂ ಸಿಲ್ವರಿಂಗ್ ಇಲ್ಲ, ಅಂಚು ಚೂಪು. ಆದರೆ ತಾಗಿದ ಕಡೆ ಕಚ್ಚಿಕೊಂಡಿತು ಅಂದರೆ ಮುಗಿಯಿತು, ಸರಿಸುವ ಮಾತಿಲ್ಲ. ಸಮತಟ್ಟು ರೆಕ್ಕೆಯ ಸಣ್ಣ ಅಕ್ಷರಕ್ಕೆ ಇದು ಡೆಕಾಲ್‌ಗಿಂತ ಮೇಲು ಅಂತಲೇ ಹೇಳುತ್ತೇನೆ. ವಿನೈಲ್ ಸ್ಟಿಕರ್ ದಪ್ಪ, ಅದನ್ನು ಇಲ್ಲಿಗೇ ಬಿಡೋಣ.

ಕೈಯಲ್ಲಿ ಹಿಡಿದು ನೋಡುವ ವಿಮಾನಕ್ಕೆ ಕೊನೆಯ ಪಾರದರ್ಶಕ ಕೋಟ್ ಬೇಕೇ ಬೇಕು. ಲ್ಯಾಕರ್ ಸ್ಪ್ರೇಯನ್ನು ಒದ್ದೆಯಾಗುವ ಹಾಗೆ ಹೊಡೆದರೆ ಡೆಕಾಲ್ ಸುಕ್ಕಾಗಬಹುದು, ಮೊದಲೆರಡು ಕೋಟ್ ಇಬ್ಬನಿಯಷ್ಟು ತೆಳುವಾಗಿರಲಿ. ಮ್ಯಾಟ್ ಹೊಡೆಯುವ ಮೊದಲು ಕಾಕ್‌ಪಿಟ್ ಗಾಜಿಗೆ ಮಾಸ್ಕಿಂಗ್ ಟೇಪ್ ಹಾಕಿ, ಇಲ್ಲದಿದ್ದರೆ ಗಾಜು ಮಂಜಾಗುತ್ತದೆ. ಇಂಕ್‌ಜೆಟ್ ಹಾಕಿದ ವಿಮಾನವನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ, ಮೂರರಲ್ಲಿ ಬೇಗ ಮಾಸುವುದು ಅದೇ.

ಹಳೆಯ ಹಾಳೆ ಬಳಸುವುದಾದರೆ ಬೇಡದ ಒಂದು ತುಂಡನ್ನು ಮೊದಲು ನೀರಿಗೆ ಹಾಕಿ. ಪುಡಿಯಾದರೆ ಉಳಿದದ್ದಕ್ಕೆ ಮೈಕ್ರೋಸ್ಕೇಲ್‌ನ ಲಿಕ್ವಿಡ್ ಡೆಕಾಲ್ ಫಿಲ್ಮ್ ಬಳಿದು ಒಣಗಿಸಿ, ಹೊಸ ಪೊರೆ ಬಂದು ಹಿಡಿದುಕೊಳ್ಳುತ್ತದೆ. ಹಾಗೆ ಬಳಿದ ಮೇಲೆ ಸುತ್ತ ಕತ್ತರಿಸುವ ಕೆಲಸ ಮತ್ತೆ ನಿಮ್ಮದೇ. ಮನೆಯಲ್ಲಿ ಪ್ರಿಂಟ್ ಮಾಡುವಾಗ ಹಾಳೆಯ ಮೂಲೆಯಲ್ಲಿ ನಾಲ್ಕೈದು ಬೇಡದ ಅಕ್ಷರ, ಒಂದೆರಡು ಬಣ್ಣದ ಚೌಕ ಸೇರಿಸಿಡಿ, ಸಾಫ್ಟನರ್ ಯಾವುದು ತಡೆಯುತ್ತದೆ ಅಂತ ನೋಡುವುದಕ್ಕೆ ಬೇಕಾಗುತ್ತದೆ.