ಯೆಜ್ಡಿಗೆ ಯಾವ ಎಣ್ಣೆ: ಹರಳೆಣ್ಣೆಯ ಘಮವೋ, ಕಡಿಮೆ ಹೊಗೆಯ ಟೂ-ಟಿಯೋ?

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಮೈಸೂರಿನಲ್ಲಿ ಇನ್ನೂ ಓಡುತ್ತಿವೆ. ಅವುಗಳದ್ದು ಟೂ-ಸ್ಟ್ರೋಕ್ ಎಂಜಿನ್, ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಯಾವ ಎಣ್ಣೆ?

ಘಮವೇ ಮುಖ್ಯ ಅಂದರೆ ಹರಳೆಣ್ಣೆಯಿಂದ ಮಾಡಿದ ರೇಸಿಂಗ್ ಆಯಿಲ್. ಸಿಹಿಯಾದ, ತುಸು ಸುಟ್ಟಂಥ ಆ ವಾಸನೆ ಹಳೇ ರೇಸ್ ಟ್ರ್ಯಾಕುಗಳದ್ದು. ನನಗಂತೂ ಅದು ಪ್ರಾಣ. ವಿಪರೀತ ಬಿಸಿಯಲ್ಲೂ ಪಿಸ್ಟನ್ನನ್ನು ಕಾಪಾಡುತ್ತದೆ. ಆದರೆ ಪಿಸ್ಟನ್ ರಿಂಗುಗಳಿಗೆ ಅಂಟು ಕಟ್ಟುತ್ತದೆ, ಗಾಡಿ ನಿಂತೇ ಇದ್ದರೆ ಪೆಟ್ರೋಲಿನಿಂದ ಬೇರ್ಪಡಬಹುದು. ಎಂಜಿನ್ ಆಗಾಗ ಬಿಚ್ಚಿ ತೊಳೆಯುವವರಿಗೆ ಸರಿ. ಮನೆಯ ಹರಳೆಣ್ಣೆಯನ್ನು ಸುಮ್ನೆ ಸುರಿಯಬೇಡಿ.

ಜಾಸೋ ಎಫ್‌ಡಿ ಎಂಬ ಜಪಾನಿ ದರ್ಜೆಯ ಟೂ-ಟಿ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆಯಲ್ಲಿ ಹೊಗೆ ಕಡಿಮೆ, ಮಸಿಯೂ ಕಡಿಮೆ. ಆ ಘಮ ಮಾತ್ರ ಇಲ್ಲ. ದಿನಾ ಓಡಿಸುವವರು ಇದನ್ನೇ ಹಾಕಿ.

ಯಾವುದನ್ನು ಹಾಕಿದರೂ ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.