ಪರೀಕ್ಷೆ ಬರೆಯದೆ ಹತ್ತನೇ ಕ್ಲಾಸ್ ಪಾಸಾದೆ, 28,000 ರೂಪಾಯಿಗೆ

ಮೊನ್ನೆ ಕೆಲಸ ಮುಗಿಸಿ ಬರುವಾಗ ಬಸ್ಸು ಸಿಗ್ನಲ್‌ನಲ್ಲಿ ನಿಂತಿತು. ಕಿಟಕಿಯಿಂದ ನೋಡಿದರೆ ಅದೇ ಟ್ಯುಟೋರಿಯಲ್. ಹೊಸ ಬ್ಯಾನರ್ ಕಟ್ಟಿದ್ದಾರೆ. 'ಎಸ್ಸೆಸ್ಸೆಲ್ಸಿ ಫೇಲಾ? ಚಿಂತೆ ಬಿಡಿ!' ಹೊಟ್ಟೆ ಉರಿದುಹೋಯಿತು. ನನ್ನ ದುಡ್ಡಿನಲ್ಲೇ ಪ್ರಿಂಟ್ ಹಾಕಿಸಿರಬೇಕು. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ, ನನ್ನದೂ ಹಾಕುವುದಿಲ್ಲ. ನಮ್ಮ ನೆಂಟರಿಗೆ ಇನ್ನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಾನು 1999ರ ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಡುಮ್ಕಿ. ಮತ್ತೆ ಎರಡು ಸಲ ಕಟ್ಟಿದೆ, ಎರಡು ಸಲವೂ ಡುಮ್ಕಿ. ಅಪ್ಪ 'ಸಾಕು ಬಿಡಪ್ಪ' ಅಂದರು, ಬೆಂಗಳೂರಿಗೆ ಬಂದೆ. ಈಗ ಪೀಣ್ಯದ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಹೆಲ್ಪರ್, ಹನ್ನೊಂದು ವರ್ಷವಾಯಿತು. ಯಾವ ಬೋಲ್ಟ್ ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಹೋದ ವರ್ಷ ಸ್ಟೋರ್‌ಕೀಪರ್ ರಿಟೈರ್ ಆದರು, ಮ್ಯಾನೇಜರ್ ನನ್ನ ಹೆಸರೇ ಹೇಳಿದರು. ಎಚ್‌ಆರ್ ಮೇಡಂ ಕೇಳಿದ್ದು ಒಂದೇ: ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್.

ಟ್ಯುಟೋರಿಯಲ್‌ಗೆ ಹೋದೆ. ಒಂದು ಟೇಬಲ್, ಎರಡು ಪ್ಲಾಸ್ಟಿಕ್ ಸ್ಟೂಲ್, ಗೋಡೆಯಲ್ಲಿ ಸರಸ್ವತಿ ಫೋಟೋ, ಅದಕ್ಕೆ ಒಣಗಿದ ದಾಸವಾಳ. ಆ ಮನುಷ್ಯ ಎದ್ದು ನಿಂತು ಕೈ ಕುಲುಕಿದ. 'ಬನ್ನಿ ಸರ್, ಕೂತ್ಕೊಳ್ಳಿ ಸರ್.' ನನ್ನನ್ನು ಅಷ್ಟು ಸಲ ಸರ್ ಅಂದವರು ಯಾರೂ ಇಲ್ಲ. ಅಲ್ಲೇ ಅರ್ಧ ಬಿದ್ದೆ.

'ಓಪನ್ ಸ್ಕೂಲ್ ಸರ್, ಸೆಂಟ್ರಲ್ ಗೌರ್ಮೆಂಟು. ಗಣಿತದ ತಲೆನೋವು ಬೇಡ. ಒಟ್ಟು 27,500.'

ಓಪನ್ ಸ್ಕೂಲ್ ಅನ್ನೋದು ನಿಜಕ್ಕೂ ಇದೆ, ಅಲ್ವಾ? ಎನ್‌ಐಒಎಸ್ ಅಂತ, ಕೇಂದ್ರ ಸರ್ಕಾರದ ಬೋರ್ಡ್, ದಿನಾ ಶಾಲೆಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದು. ನಮ್ಮ ಓಣಿಯ ಹುಡುಗ ಅದರಲ್ಲೇ ಪಾಸಾಗಿ ಪಿಯುಸಿಗೆ ಸೇರಿದ್ದ. ಹಾಗಾಗಿ ಇದೂ ಅದೇ ಅಂದುಕೊಂಡೆ. ಅವನು ಒಂದು ಸಲವೂ 'ಎನ್‌ಐಒಎಸ್' ಅಂತ ಬಾಯಿಬಿಟ್ಟು ಹೇಳಲಿಲ್ಲ. ಓಪನ್ ಸ್ಕೂಲ್, ಓಪನ್ ಸ್ಕೂಲ್ ಅಂತಲೇ ಇದ್ದ. ಇದು ಈಗ ಹೊಳೆಯುತ್ತಿದೆ.

ಮೊದಲು 10,000 ಕೊಟ್ಟೆ. ರಸೀದಿ ಕೊಟ್ಟ, ಅದರಲ್ಲಿ 'ಕೋಚಿಂಗ್ ಫೀ' ಅಂತ ಬರೆದಿತ್ತು. ಸೆಪ್ಟೆಂಬರ್‌ನಲ್ಲಿ 12,000, ಅದು ಯಾರೋ ಹೆಂಗಸಿನ ಹೆಸರಿನ ಫೋನ್‌ಪೇಗೆ. ಅದಕ್ಕೆ ರಸೀದಿ ಇಲ್ಲ. ಕೇಳಿದರೆ 'ಫೋನಲ್ಲೇ ಇದ್ಯಲ್ಲ ಅಣ್ಣಾ' ಅಂದ. ಗಮನಿಸಿ, ಸರ್ ಹೋಗಿ ಅಣ್ಣ ಆಗಿತ್ತು.

ಕೋಚಿಂಗ್ ಒಂದು ದಿನವೂ ನಡೆಯಲಿಲ್ಲ. ಒಂದು ಭಾನುವಾರ ಕರೆದು ಅದೇ ಸ್ಟೂಲ್ ಮೇಲೆ ಕೂರಿಸಿ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿದ. 'ಅಸೈನ್‌ಮೆಂಟು' ಅಂದ. ನಿಜವಾದ ಓಪನ್ ಸ್ಕೂಲ್‌ನಲ್ಲಿ ಅಸೈನ್‌ಮೆಂಟ್ ಇರುತ್ತೆ, ಟಿಎಂಎ ಅಂತಾರೆ, ನಾವೇ ಕೈಯಾರೆ ಬರೆದು ಕೊಡಬೇಕು, ಅದಕ್ಕೆ ನೂರಕ್ಕೆ 20 ಅಂಕ. ಖಾಲಿ ಹಾಳೆಗೆ ಯಾವ ಬೋರ್ಡೂ ಸಹಿ ಕೇಳುವುದಿಲ್ಲ.

'ಪರೀಕ್ಷೆ ಯಾವಾಗ ಸರ್?' ಅಂತ ಕೇಳಿದೆ.

'ನೀವು ಡ್ಯೂಟಿ ನೋಡ್ಕೊಳ್ಳಿ ಅಣ್ಣಾ. ಅದೆಲ್ಲ ನಮಗೆ ಬಿಡಿ.'

ಬಿಟ್ಟೆ. ಇಲ್ಲಿ ಸುಳ್ಳು ಹೇಳುವುದಿಲ್ಲ. ಒಳಗೊಳಗೆ ಗೊತ್ತಿತ್ತು, ಇದು ಸರಿಯಿಲ್ಲ ಅಂತ. ಗಣಿತದ ಪೇಪರ್ ಕೈಗೆ ತಗೊಳ್ಳುವುದನ್ನು ನೆನೆದರೆ ಈಗಲೂ ಕೈ ಬೆವರುತ್ತೆ. ಅದು ತಪ್ಪಿತಲ್ಲ ಅಂತ ಸುಮ್ನೆ ಇದ್ದೆ.

ಫೆಬ್ರವರಿಯಲ್ಲಿ ಮಾರ್ಕ್ಸ್ ಕಾರ್ಡ್ ಬಂತು. ಬಾಕಿ 5,500 ಎಣಿಸಿಕೊಂಡ, ಲ್ಯಾಮಿನೇಶನ್‌ಗೆ ಅಂತ ಮತ್ತೆ 500. ಒಟ್ಟು 28,000. ಮನೆಗೆ ತಂದು ದೇವರ ಮುಂದೆ ಇಟ್ಟೆ. ಹೌದು, ದೇವರ ಮುಂದೆ! ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತೆ.

ಹೆಂಡತಿ ಓದಿ ನೋಡಿದಳು. 'ಗೃಹ ವಿಜ್ಞಾನ, 84' ಅಂತ ಇತ್ತು. ಬಿದ್ದು ಬಿದ್ದು ನಕ್ಕಳು. 'ನಿಮಗೆ ಒಂದು ಲೋಟ ಟೀ ಮಾಡೋಕೆ ಬರಲ್ಲ, ಇದ್ಯಾವುದ್ರೀ 84?' ನಾನೂ ನಕ್ಕೆ. ಮಗಳು ನಗಲಿಲ್ಲ. ಅವಳು ಹತ್ತನೇ ಕ್ಲಾಸ್. ಬೋರ್ಡಿನ ಹೆಸರಿನ ಮೇಲೆ ಬೆರಳಿಟ್ಟು, 'ಅಪ್ಪಾ, ಸೆಕೆಂಡರಿ ಅನ್ನೋ ಸ್ಪೆಲಿಂಗೇ ತಪ್ಪಿದೆ' ಅಂದಳು. ಪರೀಕ್ಷಾ ಕೇಂದ್ರ ಅಂತ ಉತ್ತರದ ಕಡೆಯ ಯಾವುದೋ ಊರು. ನಾನು ಮಂತ್ರಾಲಯ ದಾಟಿ ಆಚೆ ಹೋದವನೇ ಅಲ್ಲ.

ಆದರೂ ಕೊಟ್ಟೆ. ಮಗಳು ಹೇಳಿದ ಮೇಲೂ ಎಚ್‌ಆರ್‌ಗೆ ಕೊಟ್ಟೆ. ಇದು ನನ್ನದೇ ತಪ್ಪು.

ಮೂರು ವಾರ ಬಿಟ್ಟು ಕರೆದರು. ಮೇಡಂ ಬಾಗಿಲು ಹಾಕಿಕೊಂಡರು. ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಕಾಬ್ಸೆ ಅಂತ ಒಂದು ಸಂಸ್ಥೆ ಇದೆಯಂತೆ, ದೇಶದ ಶಾಲಾ ಬೋರ್ಡ್‌ಗಳ ಒಕ್ಕೂಟ. ಅದರ ಪಟ್ಟಿಯಲ್ಲಿ ನನ್ನ ಬೋರ್ಡ್ ಇಲ್ಲ. 'ಇದು ನಿಮ್ಮದು ಅಂತ ಫೈಲಿಗೆ ಹಾಕಿದ್ರೆ ನಾಳೆ ಕೇಸ್ ಆಗುತ್ತೆ. ವಾಪಸ್ ತಗೊಂಡು ಹೋಗಿ' ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೋರ್‌ಕೀಪರ್ ಕೆಲಸ ಬೇರೆಯವರಿಗೆ ಹೋಯಿತು, 24ರ ಹುಡುಗ. ಬೇರಿಂಗ್ ನಂಬರ್ ಓದುವುದನ್ನು ಅವನಿಗೆ ನಾನೇ ಕಲಿಸಿದೆ.

ಅವತ್ತೇ ಸಂಜೆ ಟ್ಯುಟೋರಿಯಲ್‌ಗೆ ಓಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

'ನಾವು ಕೋಚಿಂಗ್ ಸೆಂಟರ್ ಕಣ್ರೀ, ಬೋರ್ಡ್ ಅಲ್ಲ. ರಸೀದಿ ನೋಡಿ.'

'ನಿಮ್ಮ ಕಂಪನಿಯವರಿಗೆ ರೂಲ್ಸ್ ಗೊತ್ತಿಲ್ಲ. ಬೇರೆ ಕಂಪನಿ ನೋಡ್ಕೊಳ್ಳಿ.'

ದುಡ್ಡು ವಾಪಸ್ ಕೇಳಿದೆ. 'ಪಾಸ್ ಮಾಡಿಸ್ತೀನಿ ಅಂದೆ, ಮಾಡಿಸಿದೆ. ಪ್ರಮೋಷನ್ ಕೊಡಿಸ್ತೀನಿ ಅಂದಿದ್ನಾ?'

ಮತ್ತೆ ಹೋದಾಗ ಸ್ಟೂಲೂ ಕೊಡಲಿಲ್ಲ. 'ನೋಡಪ್ಪಾ, ಖಾಲಿ ಪೇಪರ್‌ಗೆ ಸೈನ್ ಹಾಕ್ದೋನು ನೀನು. ಸ್ಟೇಷನ್‌ಗೆ ಹೋಗು, ನಾನೂ ಬರ್ತೀನಿ.' ಸರ್, ಅಣ್ಣ, ಕಣ್ರೀ, ಕೊನೆಗೆ ನೋಡಪ್ಪ. ಒಂಬತ್ತೇ ತಿಂಗಳಲ್ಲಿ.

ಸ್ಟೇಷನ್‌ಗೂ ಹೋದೆ. ಬರೆದುಕೊಳ್ಳುತ್ತಿದ್ದ ಪೊಲೀಸ್ ತಲೆ ಎತ್ತದೆ ಕೇಳಿದರು, 'ಪರೀಕ್ಷೆ ಬರೆದ್ರಾ?' ಇಲ್ಲ ಅಂದೆ. 'ಮತ್ತೆ ಪಾಸ್ ಹೆಂಗಾದ್ರಿ?' ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರು ಕೊಡದೆ ಎದ್ದು ಬಂದೆ.

ಇನ್ನು ನಿಜವಾದ ಸಂಕಟ. ಆಮೇಲೆ ಮಗಳ ಜೊತೆ ಕೂತು ಎನ್‌ಐಒಎಸ್ ವೆಬ್‌ಸೈಟ್ ನೋಡಿದೆ. ಹತ್ತಕ್ಕೆ ಐದು ವಿಷಯ ಪಾಸಾದರೆ ಸಾಕು. ಒಂದು ಭಾಷೆ ಇರಬೇಕು, ಉಳಿದದ್ದನ್ನು ನಾವೇ ಆರಿಸಿಕೊಳ್ಳಬಹುದು. ಗಣಿತ ಕಡ್ಡಾಯವೇ ಅಲ್ಲ! ಯಾವ ಗಣಿತಕ್ಕೆ ಹೆದರಿ 28,000 ಸುರಿದೆನೋ, ಅದನ್ನು ತಗೊಳ್ಳಲೇಬೇಕಿಲ್ಲ. ಪಾಸಾಗಲು 33. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಒಂದು. ಒಮ್ಮೆ ಸೇರಿದರೆ ಐದು ವರ್ಷ ಟೈಮ್, ಒಂದೊಂದೇ ವಿಷಯ ಮುಗಿಸಬಹುದು. ಮುಂದೆ ಐಟಿಐ, ಡಿಪ್ಲೊಮಾ ಯೋಚನೆ ಇರುವವರು ಮಾತ್ರ ಗಣಿತ, ವಿಜ್ಞಾನ ಬಿಡಬೇಡಿ. ಫೀಸು, ಪರೀಕ್ಷಾ ಶುಲ್ಕ ಎಲ್ಲ ಸೇರಿದರೂ ನಾನು ಕೊಟ್ಟದ್ದರ ಕಾಲು ಭಾಗವೂ ಆಗುವುದಿಲ್ಲ. ದುಡ್ಡು ಅವರ ವೆಬ್‌ಸೈಟಿಗೇ ಕಟ್ಟಿ, ಯಾರ ಫೋನ್‌ಪೇಗೂ ಬೇಡ. ಎಸ್ಸೆಸ್ಸೆಲ್ಸಿಯೇ ಬೇಕು ಅನ್ನುವವರು ರಾಜ್ಯದ ಬೋರ್ಡ್‌ನಲ್ಲಿ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಹತ್ತಿರದ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರನ್ನು ಕೇಳಿ, ಹೇಳುತ್ತಾರೆ. 'ನೀವು ಬರಬೇಕಾಗಿಲ್ಲ' ಅಂತ ಯಾರಾದರೂ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ನನ್ನ ಹಾಗೆ ಕೂರಬೇಡಿ.

ನಾನು ಅರ್ಜಿ ಹಾಕಿದ್ದೇನೆ. ವಿಷಯ ಆರಿಸುವಾಗ ಪಟ್ಟಿಯಲ್ಲಿ ಗೃಹ ವಿಜ್ಞಾನವೂ ಇತ್ತು. ಮಗಳು ನನ್ನ ಮುಖ ನೋಡಿದಳು. ಒಳಗಿನಿಂದ ಹೆಂಡತಿ ಕೂಗಿದಳು, 'ಹಾಕಮ್ಮಾ ಅದನ್ನೂ. ನಾಳೆಯಿಂದ ಟೀ ಅವರೇ ಮಾಡ್ಲಿ.'