ಛಾಬ್ರಾ ಶಂಟ್: ಬೆಲೆಯಲ್ಲಿ ಕಡಿಮೆ, ಕೆಲಸದಲ್ಲಲ್ಲ

ಗರ್ಭ ನಿಂತ ಸುಮಾರು 28 ದಿನಗಳೊಳಗೆ, ಅಂದರೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದು ಖಚಿತವಾಗುವ ಮೊದಲೇ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗಬೇಕಾದ ನರಕೊಳವೆ ಮುಚ್ಚಿಕೊಳ್ಳಬೇಕು. ಬೆನ್ನಿನ ಭಾಗದಲ್ಲಿ ಅದು ತೆರೆದೇ ಉಳಿದು, ನರಗಳನ್ನೊಳಗೊಂಡ ಗಂಟಿನೊಂದಿಗೆ ಮಗು ಹುಟ್ಟಿದರೆ ವೈದ್ಯರು ಅದನ್ನು ಮೆನಿಂಗೋಮೈಲೋಸೀಲ್ ಎನ್ನುತ್ತಾರೆ. ಗಂಟನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಿದ ಮೇಲೂ ಇಂಥ ಮಕ್ಕಳಲ್ಲಿ ಬಹುಪಾಲಿನವರಿಗೆ ತಲೆಯಲ್ಲಿ ನೀರು ತುಂಬಿಕೊಳ್ಳುವುದರಿಂದ ಅದನ್ನು ಹೊಟ್ಟೆಗೆ ಹರಿಸುವ ನಳಿಕೆ, ಅಂದರೆ ಶಂಟ್ ಬೇಕಾಗುತ್ತದೆ. ನಮ್ಮ ಮಗಳಿಗೆ ಹಾಕಿರುವುದು ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್.

ನೋಡಲು ಇದು ತೆಳ್ಳನೆಯ ಸಿಲಿಕೋನ್ ನಳಿಕೆ, ನಡುವೆ ಒಂದು ಪುಟ್ಟ ವಾಲ್ವ್, ಅಷ್ಟೇ. ಮೆದುಳಿನ ಕುಹರದಿಂದ ಹೊರಟು, ಕಿವಿಯ ಹಿಂದೆ ಹಾದು, ಕುತ್ತಿಗೆ ಮತ್ತು ಎದೆಯ ಚರ್ಮದಡಿಯಲ್ಲಿ ಸಾಗಿ ಹೊಟ್ಟೆಯೊಳಗೆ ಇಳಿಯುತ್ತದೆ. ಮಗು ಬೆಳೆದಂತೆ ಸಾಲದೆ ಹೋಗಬಾರದೆಂದು ಹೊಟ್ಟೆಯಲ್ಲಿ ಒಂದಿಷ್ಟು ಉದ್ದವನ್ನು ಹೆಚ್ಚಾಗಿಯೇ ಬಿಟ್ಟಿರುತ್ತಾರೆ. ಸ್ನಾನ ಮಾಡಿಸುವಾಗ ಕುತ್ತಿಗೆಯ ಬದಿಯಲ್ಲಿ ಬೆರಳಿಗೆ ದಾರದಂತೆ ಸಿಗುತ್ತದೆ.

ಅಗ್ಗದ್ದು ಎಂದಾಗ ನಮ್ಮವರೇ ಅನೇಕರು ಮೂಗು ಮುರಿದರು. ಆದರೆ ಉಗಾಂಡದಲ್ಲಿ ಬೆಂಜಮಿನ್ ವಾರ್ಫ್ ಎಂಬ ಶಸ್ತ್ರವೈದ್ಯರು 195 ಮಕ್ಕಳಲ್ಲಿ ಇದನ್ನೂ ಅಮೆರಿಕದ ಕಾಡ್‌ಮನ್ ಶಂಟನ್ನೂ ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಫಲಿತಾಂಶಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಗ ಛಾಬ್ರಾ ಶಂಟಿನ ಬೆಲೆ 35 ಡಾಲರ್, ಕಾಡ್‌ಮನ್ ಶಂಟಿನದು 650. ಉಳಿದ ಹಣ ಫಿಸಿಯೋಥೆರಪಿಗೂ ಮೂತ್ರಪಿಂಡದ ತಪಾಸಣೆಗೂ ಒದಗುವುದಾದರೆ ಅದು ಸಣ್ಣ ಮಾತಲ್ಲ.

ಶಂಟಿನಿಂದ ಏನನ್ನು ನಿರೀಕ್ಷಿಸಬಾರದು ಎಂಬುದೂ ತಿಳಿದಿರಬೇಕು. ಅದು ತಲೆಯೊಳಗಿನ ಒತ್ತಡವನ್ನಷ್ಟೇ ಇಳಿಸುತ್ತದೆ. ಮಗು ನಡೆಯುವುದೋ ಇಲ್ಲವೋ ಎಂಬುದು ಗಂಟು ಬೆನ್ನಿನ ಯಾವ ಮಟ್ಟದಲ್ಲಿತ್ತು ಎನ್ನುವುದನ್ನು ಬಹುಮಟ್ಟಿಗೆ ಅವಲಂಬಿಸಿದೆ, ಕೆಳಗಿದ್ದಷ್ಟೂ ಒಳ್ಳೆಯದು. ಮೂತ್ರದ ತೊಂದರೆ ಬೇರೆಯೇ ಆಗಿದ್ದು, ಹೊತ್ತುಹೊತ್ತಿಗೆ ಕೆಥೀಟರ್ ಹಾಕಿ ಮೂತ್ರ ತೆಗೆಯುವುದನ್ನು ಮನೆಯವರು ಕಲಿಯಬೇಕಾಗಬಹುದು. ಇವೆಲ್ಲ ಸರಿಯಾಗಿ ನಡೆದರೆ ಹೆಚ್ಚಿನ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ, ಓದುತ್ತಾರೆ.

ಯಾವ ಕಂಪನಿಯ ಶಂಟೇ ಆಗಲಿ, ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಸೋಂಕು ಹೆಚ್ಚಾಗಿ ಮೊದಲ ಕೆಲವು ತಿಂಗಳುಗಳಲ್ಲೇ ಬರುತ್ತದೆ. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಕೆಳಕ್ಕೆ ಇಳಿದಂತೆ ಕಾಣುವ ಕಣ್ಣುಗುಡ್ಡೆ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ನರಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು.

ನನ್ನ ತಕರಾರಿರುವುದು ಶಂಟಿನ ಮೇಲಲ್ಲ, ಅದನ್ನು ಹಾಕಿದ ಆಸ್ಪತ್ರೆಯ ಕಾಗದಪತ್ರದ ಮೇಲೆ. ಈ ವಾಲ್ವು ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಎಂಬುದನ್ನು ಆಮೇಲೆ ಹೊರಗಿನಿಂದ ಬದಲಿಸಲಾಗದು. ಆದ್ದರಿಂದ ಯಾವ ಒತ್ತಡದ್ದನ್ನು ಹಾಕಿದ್ದಾರೆಂಬುದು ಮುಂದಿನ ಪ್ರತಿ ವೈದ್ಯರಿಗೂ ಬೇಕಾಗುವ ಮಾಹಿತಿ. ನಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ‘ಶಂಟ್ ಹಾಕಲಾಗಿದೆ’ ಎಂದಿತ್ತು. ಪಟ್ಟು ಹಿಡಿದು ಕೇಳಿದ ಮೇಲೆ ಸಿಸ್ಟರ್ ಒಬ್ಬರು ಪೆಟ್ಟಿಗೆಯ ಸ್ಟಿಕರನ್ನು ಹುಡುಕಿ ಫೈಲಿಗೆ ಅಂಟಿಸಿಕೊಟ್ಟರು. ಮನೆಗೆ ಹೊರಡುವ ಮುನ್ನ ಆ ಸ್ಟಿಕರನ್ನು ಕೇಳಿ ಪಡೆಯಿರಿ, ಅದರ ಫೋಟೋ ಒಂದು ನಿಮ್ಮ ಮೊಬೈಲಿನಲ್ಲೂ ಇರಲಿ.